ಅತ್ತಿಗೆಯ ತಪ್ಪುಗಳು

ಜೂನ್ 10, ಸೋಮವಾರ

ಟ್ಯೂಷನ್ ಕೇಂದ್ರದ ಯಜಮಾನರು ನನ್ನನ್ನು ಕೆಲಸದಿಂದ ಬಿಡಿಸುವಾಗ ಹೇಳಿದ ಮಾತು ಇನ್ನೂ ಕಿವಿಯಲ್ಲೇ ಕೂತಿದೆ. “ನಿಮ್ಮ ಪಾಠದಲ್ಲಿ ಹುಡುಕಿದ್ರೂ ಒಂದು ತಪ್ಪು ಸಿಗಲ್ಲ ಮೇಷ್ಟ್ರೇ. ಆದ್ರೆ ಮಕ್ಕಳು ನಿದ್ದೆ ಹೋಗ್ತಾರೆ, ಏನ್ಮಾಡೋಣ?” ಆ ಮನುಷ್ಯನಿಗೆ ಒಂದು ಉತ್ತರ ಕೊಡಬೇಕು ಎಂದೇ ಈ ಚಾನೆಲ್ ಶುರುಮಾಡಿದ್ದು. ‘ಎಲ್ಲರಿಗೂ ಗಣಿತ’ ಎಂದು ಹೆಸರು. ಎಲ್ಲರೂ ಎಂದರೆ ಸದ್ಯಕ್ಕೆ ನಾನು, ಅಣ್ಣ, ಅತ್ತಿಗೆ ಮತ್ತು ಕನ್ನಡಕ. ಕನ್ನಡಕ ಎಂದು ನಾವು ಕರೆಯುವವನು ನನ್ನ ಶಾಲೆಯ ಗೆಳೆಯ, ಮೊಬೈಲ್ ಅಂಗಡಿ ಇಟ್ಟಿದ್ದಾನೆ, ವಿಡಿಯೊ ಕತ್ತರಿಸಿ ಜೋಡಿಸಿ ಕೊಡುತ್ತಾನೆ. ನನ್ನ ಪಾಠವನ್ನು ಜೋಡಿಸುವಾಗ ತನಗೂ ಆಕಳಿಕೆ ಬರುತ್ತದೆ ಎಂದು ಇವತ್ತು ನಾಚಿಕೆಯಿಲ್ಲದೆ ಹೇಳಿದ.

ಚಾನೆಲ್ ಏನಾದರಾಗಲಿ, ಅತ್ತಿಗೆಗೆ ಕೊಟ್ಟ ಮಾತು ಬೇರೆ. ಅವರು ದೊಡ್ಡಾಸ್ಪತ್ರೆಯಲ್ಲಿ ರೋಗಿಗಳ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾರೆ. ಬಿಸಿನೀರು, ಬ್ಲೀಚು ಸೇರಿ ಅಂಗೈ ಬಿರುಕು ಬಿಟ್ಟು ಹೋಗಿದೆ, ಅನ್ನ ಕಲಸುವಾಗ ಉಪ್ಪು ತಗುಲಿ ಮುಖ ಹಿಂಡುತ್ತಾರೆ. ಆಸ್ಪತ್ರೆಯ ಔಷಧಿ ಸ್ಟೋರಿನಲ್ಲಿ ವರ್ಷದ ಕೊನೆಗೆ ಒಂದು ಜಾಗ ಖಾಲಿಯಾಗುತ್ತದೆ. ಕೈ ಒದ್ದೆಯಾಗದ ಕೆಲಸ. ಹತ್ತನೇ ತರಗತಿ ಪಾಸಾಗಿರಬೇಕು, ಅಷ್ಟೇ. ಅತ್ತಿಗೆ ಆ ಕಾಲದಲ್ಲಿ ಎಲ್ಲ ಪಾಸಾಗಿ ಗಣಿತ ಒಂದರಲ್ಲಿ ಮುಗ್ಗರಿಸಿದವರು. ನವೆಂಬರಿನಲ್ಲಿ ಆ ಒಂದು ಪತ್ರಿಕೆ ಬರೆಯುತ್ತಾರೆ. ಅವರು ಈ ಮನೆಗೆ ಬಂದಾಗ ನಾನು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದೆ. ನನಗೆ ಉಣ್ಣಿಸಿದ ಕೈ ಅದು. ಕಲಿಸದಿದ್ದರೆ ನಾನು ಮೇಷ್ಟ್ರಾಗಿ ಏನು ಪ್ರಯೋಜನ?

ಜೂನ್ 16, ಭಾನುವಾರ

ಭಿನ್ನರಾಶಿಯ ಪಾಠ ಚಿತ್ರೀಕರಿಸುತ್ತಿದ್ದೆ. ಕ್ಯಾಮರಾ ಓಡುತ್ತಿರುವುದು ಗೊತ್ತಾಗದೆ ಅತ್ತಿಗೆ ಇಸ್ತ್ರಿ ಮಾಡಿದ ಬಟ್ಟೆ ಹಿಡಿದು ಒಳಗೆ ಬಂದರು. ಬೋರ್ಡು ನೋಡಿದರು.

“ಅರ್ಧಕ್ಕೆ ಮೂರನೇ ಒಂದು ಕೂಡಿಸೋದಾ? ಮೇಲಿನ ಒಂದು, ಒಂದು ಎರಡು. ಕೆಳಗಿನ ಎರಡು, ಮೂರು ಐದು. ಐದರಲ್ಲಿ ಎರಡು. ಅಷ್ಟೇ ತಾನೆ, ಮೇಷ್ಟ್ರೇ?”

“ಅಲ್ಲ ಅತ್ತಿಗೆ, ಅರ್ಧ ರೊಟ್ಟಿ ತಿಂದು, ಮೇಲೆ ಇನ್ನಷ್ಟು ತಿಂದ್ರೆ ಅರ್ಧಕ್ಕಿಂತ ಜಾಸ್ತಿ ತಿಂದಂಗೆ ಆಗ್ಬೇಕು. ಐದರಲ್ಲಿ ಎರಡು ಅರ್ಧಕ್ಕಿಂತ ಕಡಿಮೆ.”

“ಅಯ್ಯೋ, ಹಾಗಾದ್ರೆ ತಿಂದಿದ್ದು ಎಲ್ಲಿ ಹೋಯ್ತು?”

ನನಗೆ ನಗು ತಡೆಯಲಾಗಲಿಲ್ಲ. ಕನ್ನಡಕನಿಗೆ ಅದನ್ನು ಕತ್ತರಿಸು ಎಂದರೆ ಅವನು ಕತ್ತರಿಸಲಿಲ್ಲ.

ಜೂನ್ 27, ಗುರುವಾರ

ಕಣ್ಣನ್ನೇ ನಂಬಲಾಗುತ್ತಿಲ್ಲ. ಅತ್ತಿಗೆ ಬಂದ ವಿಡಿಯೊವನ್ನು ಒಂದು ಇಡೀ ಊರಿನಷ್ಟು ಜನ ನೋಡಿದ್ದಾರೆ! ಕೆಳಗೆ ಪ್ರತಿಕ್ರಿಯೆಗಳ ಸಂತೆ. ಎಲ್ಲರೂ ಅತ್ತಿಗೆಗೆ ಪಾಠ ಹೇಳುವವರೇ. ಒಬ್ಬ ರೊಟ್ಟಿಯ ಚಿತ್ರ ಬರೆದು ತೋರಿಸಿದ್ದಾನೆ, ಇನ್ನೊಬ್ಬಳು ತನ್ನ ಅಮ್ಮನೂ ಹೀಗೇ ಎಂದಿದ್ದಾಳೆ.

ಕನ್ನಡಕ ಅಂಗಡಿಯ ಗಾಜಿನ ಮೇಲೆ ಮೊಣಕೈ ಊರಿ ತತ್ವ ಹೇಳಿದ. “ಸರಿಯಾಗಿ ಹೇಳಿದ್ರೆ ಜನ ನೋಡಿ ಹೋಗ್ತಾರೆ. ತಪ್ಪು ಕಂಡ್ರೆ ನಿಂತು ತಿದ್ತಾರೆ. ತಿದ್ದೋಕೆ ನಿಂತವರನ್ನ ನೋಡಿ ಇನ್ನೂ ನಾಲ್ಕು ಜನ ನಿಲ್ತಾರೆ. ನಿನ್ನ ಬಂಡವಾಳ ಅತ್ತಿಗೆ ಕಣೋ, ನೀನಲ್ಲ.”

ಹೊಟ್ಟೆ ಸ್ವಲ್ಪ ಉರಿಯಿತು. ಆದರೂ ಮಾತು ನಿಜ.

ಜುಲೈ 7, ಭಾನುವಾರ

ಮತ್ತೆ ಭಿನ್ನರಾಶಿ, ಮತ್ತೆ ಅತ್ತಿಗೆ. ಆದರೆ ಈ ಸಲ ಅವರು ಎಲ್ಲವನ್ನೂ ಸರಿಯಾಗಿ ಮಾಡಿಬಿಟ್ಟರು. ವಾರವಿಡೀ ಅಡುಗೆಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದು ಅಭ್ಯಾಸ ಮಾಡಿದ್ದಾರಂತೆ. ಪ್ರತಿ ಉತ್ತರಕ್ಕೂ ನನ್ನ ಮುಖ ನೋಡಿ “ಸರಿನಾ?” ಎನ್ನುವುದು, ನಾನು “ಸರಿ” ಎಂದ ಕೂಡಲೇ ಬಹುಮಾನ ಗೆದ್ದ ಮಗುವಿನಂತೆ ಅರಳುವುದು. ಮೇಷ್ಟ್ರಾಗಿ ನನಗೆ ಇದಕ್ಕಿಂತ ಖುಷಿಯಿಲ್ಲ.

ಜುಲೈ 10, ಬುಧವಾರ

ವಿಡಿಯೊ ಮಕಾಡೆ ಮಲಗಿತು. ಯಾರೂ ನೋಡಲಿಲ್ಲ.

ಜುಲೈ 24, ಬುಧವಾರ

ಅತ್ತಿಗೆಯನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು.

“ಬರೋದನ್ನ ಬರಲ್ಲ ಅನ್ನೋದು ಹೆಂಗೋ? ನಾನೇನು ನಾಟಕದವಳಾ?”

“ಒಂದೇ ತಪ್ಪು, ಅತ್ತಿಗೆ. ಆಮೇಲೆ ನಾನು ತಿದ್ತೀನಿ. ನೋಡೋರಿಗೆ ಪಾಠ ಮನಸ್ಸಲ್ಲಿ ಉಳಿಯುತ್ತೆ. ನಿಮ್ಮ ಹೆಸರಲ್ಲಿ ಎಷ್ಟು ಜನ ಕಲಿತಾರೆ, ಯೋಚನೆ ಮಾಡಿ.”

ಅವರು ಬಿರುಕುಬಿಟ್ಟ ಕೈಗೆ ಎಣ್ಣೆ ಸವರಿಕೊಂಡರು. ನಂತರ “ನಿನಗೆ ಒಳ್ಳೇದಾಗೋದಾದ್ರೆ ಮಾಡೋಣ ಬಿಡು. ಆದ್ರೆ ಪರೀಕ್ಷೆ ಪಾಠ ಬೇರೆ ಮಾಡ್ಬೇಕು, ಕ್ಯಾಮರಾ ಇಲ್ದೆ” ಎಂದರು. ಖಂಡಿತ ಎಂದೆ.

ನಾನೊಬ್ಬ ಒಳ್ಳೆಯ ಮೇಷ್ಟ್ರು ಎಂಬುದು ಇವತ್ತು ನನಗೇ ಮನದಟ್ಟಾಯಿತು. ಯಾವ ಲೆಕ್ಕದಲ್ಲಿ ವಿದ್ಯಾರ್ಥಿ ಯಾವ ಕಡೆ ಜಾರುತ್ತಾನೆ ಎಂಬುದು ನನಗೆ ಬಾಯಿಪಾಠ. ಆ ಜಾರುವ ಜಾಗವನ್ನೇ ಅತ್ತಿಗೆಗೆ ಹೇಳಿಕೊಟ್ಟೆ. ಋಣ ಸಂಖ್ಯೆ ಆವರಣದಿಂದ ಹೊರಬರುವಾಗ ಚಿಹ್ನೆ ಮರೆಯುವುದು, ಶೇಕಡಾವನ್ನು ಕೂಡಿಸಿಬಿಡುವುದು. ಒಳ್ಳೆಯ ತಪ್ಪು ಹೊಳೆಯುವುದಕ್ಕೂ ವಿದ್ಯೆ ಬೇಕು.

ಆಗಸ್ಟ್ 13, ಮಂಗಳವಾರ

ಚಂದಾದಾರರು ಹೊಳೆಯಂತೆ ಬರುತ್ತಿದ್ದಾರೆ. “ಅಷ್ಟೇ ತಾನೆ, ಮೇಷ್ಟ್ರೇ?” ಎಂಬುದು ಬೀದಿಮಾತಾಗಿದೆ. ತರಕಾರಿಯವನು ಚಿಲ್ಲರೆ ಕೊಟ್ಟು ಅತ್ತಿಗೆಗೆ ಅದನ್ನೇ ಅಂದನಂತೆ. ಟ್ಯೂಷನ್ ಯಜಮಾನರು ನನಗೆ ಶುಭಾಶಯ ಕಳಿಸಿದ್ದಾರೆ. ಓದಿ ಉತ್ತರಿಸದೆ ಬಿಟ್ಟೆ. ಆಹಾ, ಎಷ್ಟು ಹಿತ!

ಒಂದು ಲಕ್ಷ ಚಂದಾದಾರರು ಆಗಲಿ, ಆ ಮೇಲೆ ಆರಾಮಾಗಿ ಅತ್ತಿಗೆಯ ಪಾಠ ಹಿಡಿಯುತ್ತೇನೆ.

ಸೆಪ್ಟೆಂಬರ್ 1, ಭಾನುವಾರ

ಸ್ಟೋರಿನ ಮೇಲ್ವಿಚಾರಕರೂ ನಮ್ಮ ವಿಡಿಯೊ ನೋಡುತ್ತಾರಂತೆ. ಬಟ್ಟೆಯ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ಅತ್ತಿಗೆಗೆ ಎಲ್ಲರ ಎದುರಿಗೆ ನಗುತ್ತಾ ಅಂದರಂತೆ: “ಏನಮ್ಮ, ಸ್ಟೋರಿಗೆ ಬರ್ತೀಯಂತೆ? ಲೆಕ್ಕ ಬರದವರ ಕೈಗೆ ಔಷಧಿ ಲೆಕ್ಕ ಕೊಟ್ರೆ ನಮ್ಮ ಗತಿ?”

“ನೀವು ಏನಂದ್ರಿ?” ಎಂದೆ.

“ನಕ್ಕೆ. ಇನ್ನೇನು ಅನ್ನಲಿ? ‘ಅದು ನಾಟಕ ಸ್ವಾಮಿ, ನನಗೆ ಬರುತ್ತೆ’ ಅಂದ್ರೆ ನಿನ್ನ ಚಾನೆಲ್ ಕತೆ?”

ಅತ್ತಿಗೆಗೆ ಎಷ್ಟು ಸೂಕ್ಷ್ಮ ಬುದ್ಧಿ! ಗುಟ್ಟು ಬಿಟ್ಟುಕೊಡಲಿಲ್ಲ. ಪಾಸಾದ ದಿನ ಸರ್ಟಿಫಿಕೇಟು ತೋರಿಸಿದರೆ ಆ ಮನುಷ್ಯನ ಬಾಯಿ ತಾನೇ ಮುಚ್ಚುತ್ತದೆ.

ಸೆಪ್ಟೆಂಬರ್ 19, ಗುರುವಾರ

ಗಂಡಾಂತರ. ಯಾರೋ ಒಬ್ಬ ಬರೆದಿದ್ದಾನೆ: ‘ಈಯಮ್ಮನಿಗೆ ಲೆಕ್ಕ ಬರುತ್ತೆ. ತಪ್ಪು ಹೇಳೋ ಮೊದಲು ತಡವರಿಸ್ತಾರೆ, ಬಾಯಿಗೆ ಬಂದ ಸರಿ ಉತ್ತರ ನುಂಗ್ಕೋತಾರೆ. ಎಲ್ಲ ನಾಟಕ.’ ಅದಕ್ಕೆ ನೂರಾರು ಜನ ಹೌದು ಹೌದು ಎಂದಿದ್ದಾರೆ. ನೋಡುವವರು ಇಳಿಯತೊಡಗಿದ್ದಾರೆ. ಬೆಳಿಗ್ಗೆಯಿಂದ ಫೋನು ಕೆಳಗಿಟ್ಟಿಲ್ಲ.

ಕನ್ನಡಕ ಹೇಳಿದ, “ತಪ್ಪು ಬಾಯಿಂದ ಬರಬಾರದು, ಕೈಯಿಂದ ಬರಬೇಕು. ಅವರು ತಾವೇ ಬೋರ್ಡಿನ ಮೇಲೆ ಬರೀಲಿ. ಬರೆದು ನಿನ್ನ ಮುಖ ನೋಡಿ ಕಾಯಲಿ. ಆಗ ನಿಜ ಅನ್ಸುತ್ತೆ.”

ಅಕ್ಟೋಬರ್ 6, ಭಾನುವಾರ

ಇವತ್ತು ಎ ಮತ್ತು ಬಿ ಕೂಡಿಸಿ ವರ್ಗ ಮಾಡುವ ಸೂತ್ರ. ಶಾಲೆ ಕಂಡವರೆಲ್ಲ ಎಡವುವ ಜಾಗ. ಎ ವರ್ಗ, ಬಿ ವರ್ಗ ಎರಡನ್ನು ಬರೆದು ನಡುವಿನ ಎರಡು ಎಬಿಯನ್ನು ಮರೆತುಬಿಡುವುದು.

ಅತ್ತಿಗೆಯ ಕೈ ಮೊದಮೊದಲು ತಡವರಿಸುತ್ತಿತ್ತು, ಎರಡು ಎಬಿ ಬರೆಯಲು ಹೋಗಿ ತಡೆದು ನಿಲ್ಲುತ್ತಿತ್ತು. ಕ್ಯಾಮರಾದಲ್ಲಿ ಅದು ಎದ್ದು ಕಾಣುತ್ತದೆ. ಅಳಿಸಿ ಮತ್ತೆ, ಅಳಿಸಿ ಮತ್ತೆ. ಸೀಮೆಸುಣ್ಣದ ಪುಡಿ ಕೈ ಬಿರುಕಿಗೆ ಹೋಗಿ ಉರಿಯುತ್ತದೆ ಎಂದರು. ಕೈಗವಸು ಹಾಕಿಕೊಂಡರೆ ಚೆನ್ನಾಗಿ ಕಾಣುವುದಿಲ್ಲ ಎಂದೆ. ಊಟದ ಹೊತ್ತಿಗೆ ಸರಿಹೋಯಿತು. ಯೋಚನೆಯೇ ಮಾಡದೆ ಸರಸರನೆ ತಪ್ಪು ಬರೆದು, ಸೀಮೆಸುಣ್ಣ ಹಿಡಿದು ನನ್ನ ಕಡೆ ತಿರುಗಿ ಕಾದರು. ನಾನು “ನಡುವಿನವನನ್ನ ಎಲ್ಲಿ ಬಿಟ್ರಿ ಅತ್ತಿಗೆ?” ಎಂದು ತಿದ್ದಿದೆ. ಅದ್ಭುತ!

ಬೋರ್ಡು ಎತ್ತಿಡುವಾಗ ಅತ್ತಿಗೆ ಅಂದರು, “ಒಂದು ಸಲನಾದ್ರೂ ನನಗೆ ‘ಸರಿ’ ಅನ್ನೋ. ಕೇಳಿ ಎಷ್ಟು ದಿನ ಆಯ್ತು.” ತಮಾಷೆಗೆ ಅಂದರು.

ಅಕ್ಟೋಬರ್ 20, ಭಾನುವಾರ

ಆ ವಿಡಿಯೊ ಹಿಂದಿನ ಎಲ್ಲವನ್ನೂ ಮೀರಿಸಿತು. ನಾಟಕ ಎಂದವನು ನಾಪತ್ತೆ. ಜನ ಅದೇ ತಪ್ಪನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಅದಕ್ಕೆ ಬೇರೆ ಬೇರೆ ಅಂಕಿ ಹಾಕಿ ಇನ್ನೂ ಮೂರು ನಾಲ್ಕು ವಿಡಿಯೊ ಮಾಡಿದೆವು. ಲಕ್ಷ ಕೈಗೆಟುಕುವ ದೂರದಲ್ಲಿದೆ.

ಪರೀಕ್ಷೆಯ ಪ್ರವೇಶಪತ್ರ ಬಂದಿದೆ. ಅತ್ತಿಗೆ ಅದನ್ನು ಕನ್ನಡಿಯ ಪಕ್ಕ ಸಿಕ್ಕಿಸಿದ್ದಾರೆ. ಕೂತು ಪಾಠ ಮಾಡಬೇಕು. ಆದರೆ ದಿನಾ ಚಿತ್ರೀಕರಣದಲ್ಲಿ ಮಾಡುತ್ತಿರುವುದೂ ಪಾಠವೇ ತಾನೆ?

ನವೆಂಬರ್ 4, ಸೋಮವಾರ

ನಾಳೆ ಪರೀಕ್ಷೆ. ಒಂದು ಚಿಕ್ಕ ತುಣುಕು ತೆಗೆಯೋಣ ಎಂದು ಬೋರ್ಡು ಇಳಿಸಿದೆ. ಅಣ್ಣ ಬಾಗಿಲಲ್ಲಿ ಅಡ್ಡ ನಿಂತ. ಅಣ್ಣ ಲಿಫ್ಟ್ ರಿಪೇರಿಯವನು, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು.

“ಇವತ್ತೊಂದು ದಿನ ಅವಳನ್ನ ಬಿಡು.”

“ಹತ್ತು ನಿಮಿಷ, ಅಣ್ಣ. ಅದೂ ಅವರಿಗೆ ಅಭ್ಯಾಸವೇ.”

ಒಳಗಿನಿಂದ ಅತ್ತಿಗೆಯೇ ಕೂಗಿದರು, “ಬಿಡ್ರೀ, ಮುಗಿಸಿಬಿಡ್ತೀನಿ. ಬೇಗ ಆಗುತ್ತೆ ಈಗ.” ನಿಜ, ಒಂದೇ ಸಲಕ್ಕೆ ಆಯಿತು. ಅಣ್ಣ ಚಪ್ಪಲಿ ಮೆಟ್ಟಿ ಹೊರಗೆ ಹೋದ.

ನವೆಂಬರ್ 5, ಮಂಗಳವಾರ

ಅತ್ತಿಗೆ ಪರೀಕ್ಷೆ ಮುಗಿಸಿ ಬರುವುದನ್ನು ಚಿತ್ರಿಸಲು ಕ್ಯಾಮರಾ ಸ್ಟ್ಯಾಂಡನ್ನು ಬಾಗಿಲ ಎದುರಿಗೇ ಇಟ್ಟಿದ್ದೆ. ನಗುತ್ತಾ ಬರುತ್ತಾರೆ, ಅದೇ ಆರಂಭ ಎಂದು ಲೆಕ್ಕ ಹಾಕಿದ್ದೆ. ಅವರು ಬಂದು ಚಪ್ಪಲಿ ಬಿಟ್ಟು ಕುರ್ಚಿಯಲ್ಲಿ ಕೂತರು. ನೀರು ಕುಡಿದರು. ಹೇಗಾಯಿತು ಎಂದು ಕೇಳಿದೆ.

“ಎಲ್ಲ ನನಗೆ ಬರೋದನ್ನೇ ಕೇಳಿದ್ರು ಕಣೋ. ಭಿನ್ನರಾಶಿ ಇತ್ತು, ಶೇಕಡಾ ಇತ್ತು, ನಿನ್ನ ಎ ಪ್ಲಸ್ ಬಿ ಇತ್ತು. ನೋಡಿದ ತಕ್ಷಣ ಕೈ ತಾನೇ ಓಡ್ತು. ಬರೆದುಬಿಟ್ಟೆ. ಎ ವರ್ಗ, ಬಿ ವರ್ಗ. ಬರೆದು ತಲೆ ಎತ್ತಿದೆ. ನೀನು ತಿದ್ತೀಯ ಅಂತ ಕಾಯ್ತಾ ಕೂತೆ. ನೀನಿರಲಿಲ್ಲ. ಏನೋ ತಪ್ಪಿದೆ ಅಂತ ಗೊತ್ತಾಗ್ತಿದೆ, ಏನು ಅಂತ ಹೊಳೀತಿಲ್ಲ. ಆಮೇಲೆ ಪ್ರತಿಯೊಂದೂ ಸಂಶಯ. ಸರಿ ಇದ್ದಿದ್ದನ್ನೂ ಹೊಡೆದುಹಾಕಿದೆ.”

ಅಷ್ಟರಲ್ಲಿ ಕ್ಯಾಮರಾದ ಪರದೆ ನೋಡಿದರೆ ಅವರ ಅರ್ಧ ಮುಖದ ಮೇಲೆ ಬಾಗಿಲ ನೆರಳು ಬಿದ್ದಿತ್ತು. ಕುರ್ಚಿಯನ್ನು ಕಿಟಕಿ ಕಡೆ ಎಳೆದು ಇನ್ನೊಂದು ಸಲ ಹೇಳಿಸಿದೆ. ಎರಡನೆಯದು ಚೆನ್ನಾಗಿ ಬಂತು. ಕೊನೆಗೆ ತಾವಾಗಿಯೇ “ಅಷ್ಟೇ ತಾನೆ, ಮೇಷ್ಟ್ರೇ?” ಎಂದೂ ಸೇರಿಸಿದರು.

ಪಾಪ, ಅತ್ತಿಗೆ. ಫಲಿತಾಂಶ ಬರಲಿ, ನೋಡೋಣ. ಒಂದೆರಡು ಲೆಕ್ಕಕ್ಕೆ ಯಾರೂ ಮುಳುಗುವುದಿಲ್ಲ.

ನವೆಂಬರ್ 6, ಬುಧವಾರ

ಕನ್ನಡಕ ತುಣುಕು ನೋಡಿ ಕುರ್ಚಿಯಿಂದ ಎದ್ದು ನಿಂತ. “ಇದೊಂದು ಸಾಕು. ಲಕ್ಷ ಅಲ್ಲ, ಎರಡು ಲಕ್ಷ ದಾಟುತ್ತೆ. ಶುಕ್ರವಾರ ಸಂಜೆ ಬಿಡೋಣ.”

ಆಯಿತು ಎಂದೆ. ಅತ್ತಿಗೆ ಎಂದಿನಂತೆ ಕೆಲಸಕ್ಕೆ ಹೋದರು. ಕನ್ನಡಿಯ ಪಕ್ಕದ ಪ್ರವೇಶಪತ್ರ ಕಾಣಲಿಲ್ಲ.

ನವೆಂಬರ್ 8, ಶುಕ್ರವಾರ

ಮಧ್ಯಾಹ್ನ ಕಂಪ್ಯೂಟರಿನಲ್ಲಿ ಮೊನ್ನೆಯ ಪೂರ್ತಿ ಚಿತ್ರೀಕರಣ ಓಡಿಸಿ ಎಲ್ಲಿಂದ ಎಲ್ಲಿಗೆ ಬೇಕು ಎಂದು ಗುರುತು ಹಾಕುತ್ತಿದ್ದೆ. ಊಟಕ್ಕೆ ಬಂದ ಅಣ್ಣ ನನ್ನ ಹಿಂದೆ ನಿಂತದ್ದು ಗೊತ್ತಾಗಲಿಲ್ಲ. ಎರಡೂ ಸಲದ್ದನ್ನು ನೋಡಿದ. ಮೊದಲನೆಯದು ಮುಗಿದಾಗ ನನ್ನ ದನಿ ಕೇಳುತ್ತದೆ: “ಅತ್ತಿಗೆ, ಇನ್ನೊಂದು ಸಲ ಹೇಳ್ತೀರಾ? ಮುಖದ ಮೇಲೆ ನೆರಳು ಬಿದ್ದಿದೆ.” ಅತ್ತಿಗೆ ಸೆರಗಿನಿಂದ ಕಣ್ಣು ಒರೆಸಿಕೊಂಡು, “ಎಲ್ಲಿಂದ ಹೇಳ್ಲಿ?” ಎನ್ನುತ್ತಾರೆ.

ಅಣ್ಣ ಬೈಯಲಿಲ್ಲ. ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು. “ಮೊದಲನೇ ಸಲ ಹೇಳಿದಾಗ ನೀನು ಕೇಳಿಸ್ಕೊಂಡ್ಯಾ?” ಎಂದಷ್ಟೇ ಕೇಳಿ ಕೈ ತೊಳೆಯಲು ಹೋದ.

ಅಣ್ಣನಿಗೆ ಚಿತ್ರೀಕರಣದ ಕಷ್ಟ ಅರ್ಥವಾಗುವುದಿಲ್ಲ. ಬೆಳಕಿಲ್ಲದಿದ್ದರೆ ಎಂಥ ಮಾತೂ ಮಣ್ಣುಪಾಲು. ಹೀಗೆಂದು ಬರೆದು ಪೆನ್ನು ಕೆಳಗಿಟ್ಟೆ. ಮತ್ತೆ ಮೊದಲನೆಯದನ್ನು ಹಾಕಿ ನೋಡಿದೆ. ನೆರಳಿನಲ್ಲಿ ಅರ್ಧ ಮುಖ. ‘ನೀನು ತಿದ್ತೀಯ ಅಂತ ಕಾಯ್ತಾ ಕೂತೆ’ ಎನ್ನುವಾಗ ಆ ಅರ್ಧ ಮುಖ ನನ್ನ ಕಡೆ ತಿರುಗಿದೆ. ನಾನು ಪರದೆಯ ಕಡೆ ತಿರುಗಿದ್ದೇನೆ.

ನನಗೆ ನಾಚಿಕೆಯಾಯಿತು. ಇಷ್ಟು ನಾಚಿಕೆ ನನ್ನನ್ನು ಕೆಲಸದಿಂದ ಬಿಡಿಸಿದ ದಿನವೂ ಆಗಿರಲಿಲ್ಲ.

ಕನ್ನಡಕನಿಗೆ ಫೋನು ಮಾಡಿ ಬೇಡ ಎಂದೆ. ತಲೆ ಕೆಟ್ಟಿದೆಯಾ ಎಂದು ಕೂಗಾಡಿದ, ಅಂಚಿಗೆ ಬಂದು ಬಿಡ್ತೀಯಲ್ಲೋ ಎಂದ. ಅವನ ಕಡೆ ಇದ್ದ ಪ್ರತಿಯನ್ನು ಅಳಿಸಿಸಿ ನನ್ನ ಪ್ರತಿಯನ್ನೂ ಅಳಿಸಿದೆ. ಎರಡನೆಯದನ್ನು ಮೊದಲು ಅಳಿಸಿದೆ. ಮೊದಲನೆಯದನ್ನು ಇನ್ನೊಂದು ಸಲ ಪೂರ್ತಿ ಕೇಳಿ ಅಳಿಸಿದೆ.

ಡಿಸೆಂಬರ್ 12, ಗುರುವಾರ

ಅತ್ತಿಗೆ ಪಾಸಾಗಲಿಲ್ಲ. ಹೊಡೆದುಹಾಕಿದ ಲೆಕ್ಕಗಳನ್ನು ಹಾಗೇ ಬಿಟ್ಟಿದ್ದರೆ ಸಾಕಿತ್ತು. ಸ್ಟೋರಿನ ಜಾಗಕ್ಕೆ ಇನ್ನೊಬ್ಬರು ಬಂದಾಯಿತು. ಅತ್ತಿಗೆ ಅವರಿಗೆ ಕೈ ಕುಲುಕಿ ಬಂದರಂತೆ. “ಪಾಪ, ಅವಳ ಕೈ ಎಷ್ಟು ಮೆತ್ತಗಿದೆ ಗೊತ್ತಾ?” ಎಂದರು ನನಗೆ.

ಕ್ಷಮಿಸಿ ಎಂದೆ. “ನಾನೂ ಒಪ್ಪಿಕೊಂಡೇ ಮಾಡಿದ್ದಲ್ವಾ? ಚಪ್ಪಾಳೆ ನನಗೂ ಸಿಹಿಯಾಗಿತ್ತು” ಎಂದು ಅತ್ತಿಗೆ ಬಟ್ಟೆ ಮಡಚಲು ಕೂತರು. ಅದರಿಂದ ನನಗೆ ಸಮಾಧಾನವಾಗಲಿಲ್ಲ. ಮರುಪರೀಕ್ಷೆ ಬೇಸಿಗೆಯಲ್ಲಿದೆ. ಜಾಗ ಇರಲಿ ಬಿಡಲಿ ಬರೆಯುತ್ತಾರಂತೆ.

ಡಿಸೆಂಬರ್ 15, ಭಾನುವಾರ

ಚಾನೆಲ್ ನೋಡಿ ಬಹಳ ದಿನವಾಯಿತು. ಕ್ಯಾಮರಾ ಸ್ಟ್ಯಾಂಡನ್ನು ಮಡಚಿ ಬೀರುವಿನ ಹಿಂದೆ ತಳ್ಳಿದ್ದೇನೆ.

ಬೆಳಿಗ್ಗೆ ಅತ್ತಿಗೆಯೇ ಬೋರ್ಡು ಇಳಿಸಿದರು. ಕೈಗವಸು ಹಾಕಿಕೊಂಡಿದ್ದರು. ಎ ಪ್ಲಸ್ ಬಿ ವರ್ಗ ಕೊಟ್ಟೆ. ಕೈ ಸರಸರನೆ ಓಡಿ ಅದೇ ಹಳೆಯ ಎ ವರ್ಗ, ಬಿ ವರ್ಗ ಬರೆಯಿತು. ಸೀಮೆಸುಣ್ಣ ಹಿಡಿದು ನನ್ನ ಕಡೆ ತಿರುಗಿದರು. ತಿದ್ದುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಗಾಳಿಗೆ ಕಿಟಕಿಯ ಪರದೆ ಅಲ್ಲಾಡುತ್ತಿತ್ತು. ಅತ್ತಿಗೆ ನನ್ನನ್ನು ನೋಡಿದರು, ಬೋರ್ಡು ನೋಡಿದರು, ಮತ್ತೆ ನನ್ನನ್ನು ನೋಡಿದರು. ಆಮೇಲೆ ಕೈಗವಸಿನಿಂದಲೇ ಅಳಿಸಿ, ನಿಧಾನವಾಗಿ, ಒಂದೊಂದೇ ಅಕ್ಷರ ಒತ್ತಿ, ನಡುವೆ ಎರಡು ಎಬಿ ಬರೆದರು.

“ಸರಿ” ಎಂದೆ.

ಅವರು ತಿರುಗಲಿಲ್ಲ. ಬೋರ್ಡಿಗೇ ಮುಖ ಮಾಡಿ ನಿಂತಿದ್ದರು.

“ಇನ್ನೊಂದು ಸಲ ಹೇಳು” ಎಂದರು.

ಹೇಳಿದೆ.